ಎಸ್ಟೀಮ್‌ಗೆ ಹಾಕಿಸಿದ ಒರಿಜಿನಲ್ ಪೆಟ್ರೋಲ್ ಪಂಪು: ಮೂರೂವರೆ ವರ್ಷ, 36,000 ಕಿ.ಮೀ. ಆದ ಮೇಲೆ

ನಮ್ಮದು 2001ರ ಮಾರುತಿ ಎಸ್ಟೀಮ್, ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಇಂಜಿನ್. ತುಮಕೂರಿನಲ್ಲೇ ಕೊಂಡಿದ್ದು, ಇವತ್ತಿಗೂ ಇಲ್ಲೇ ಓಡುತ್ತಿದೆ. ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪು, ಕಾರಿನ ಜೊತೆ ಬಂದದ್ದು, 19 ವರ್ಷ ಬಾಳಿಕೆ ಬಂತು. 2020ರ ನವೆಂಬರಿನಲ್ಲಿ ಅದು ಹೋದಾಗ, ಅವಸರಕ್ಕೆ ಕೈಗೆ ಸಿಕ್ಕ 1,400 ರೂಪಾಯಿಯ ಪಂಪು ಹಾಕಿಸಿದೆ. ಒಂದೂವರೆ ವರ್ಷಕ್ಕೇ ಅದು ಕೈಕೊಟ್ಟಿತು. 2022ರ ಏಪ್ರಿಲ್‌ನಲ್ಲಿ 5,200 ಕೊಟ್ಟು ಕಂಪನಿಯ ಒರಿಜಿನಲ್ ಪಂಪನ್ನೇ ತಂದೆ. ಈ ವಿಮರ್ಶೆ ಅದರದ್ದು. ಆದರೆ ಅಗ್ಗದ ಪಂಪಿನಿಂದ ಪಟ್ಟ ಪಾಡು ಹೇಳದೆ ಇದರ ಬೆಲೆ ಗೊತ್ತಾಗುವುದಿಲ್ಲ.

ಮೊದಲ ತೊಂದರೆ ಶುರುವಾಗಿದ್ದು ಕ್ಯಾತ್ಸಂದ್ರದಲ್ಲಿ. ಬೆಂಗಳೂರಿನಿಂದ ವಾಪಸ್ ಬರುವಾಗ ಅಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸುವುದು ನಮ್ಮ ಮನೆಯ ವಾಡಿಕೆ. ಇಡ್ಲಿ ತಿಂದು, ಕಾಫಿ ಕುಡಿದು ಬಂದು ಸೆಲ್ಫ್ ಹೊಡೆದರೆ ಇಂಜಿನ್ ಸುಮ್ನೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಬೆಳಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಕಾರಣ ಆಮೇಲೆ ತಿಳಿಯಿತು. ಹೈವೇಯಲ್ಲಿ ಓಡಿ ಬಂದು ನಿಲ್ಲಿಸಿದಾಗ ಗಾಳಿ ನಿಂತು ಬಾನೆಟ್ ಒಳಗಿನ ಕಾವು ಇನ್ನೂ ಏರುತ್ತದೆ. ಪಂಪಿನೊಳಗಿನ ಪುಟ್ಟ ವಾಲ್ವ್ ಸರಿಯಾಗಿದ್ದರೆ ಪೈಪಿನಲ್ಲಿ ಒತ್ತಡ ಉಳಿಯುತ್ತದೆ, ಪೆಟ್ರೋಲ್ ಕುದಿಯುವುದಿಲ್ಲ. ವಾಲ್ವ್ ಸೋರಿದರೆ ಒತ್ತಡ ಇಳಿದು ಪೆಟ್ರೋಲ್ ಆವಿಯಾಗುತ್ತದೆ. ಆಗ ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಬೇಕು. ಹೀಗೆ ಮೂರು ಸಲ ಮಾಡಿದರೆ ಪಂಪು ಒತ್ತಡ ತುಂಬಿಕೊಳ್ಳುತ್ತದೆ. ಒಂದು ಬೇಸಿಗೆ ಇಡೀ ಹಾಗೇ ಕಾಲ ತಳ್ಳಿದೆ. ಆಗಲೇ ಬದಲಾಯಿಸಬೇಕಿತ್ತು.

ಮುಂದಿನ ಬೇಸಿಗೆಯಲ್ಲಿ ಅಮ್ಮನನ್ನು ಪಾವಗಡದಿಂದ ಕರೆತರುತ್ತಿದ್ದೆ. ಮಧ್ಯಾಹ್ನ ಎರಡು ಗಂಟೆ, ಎಸಿ ಆನ್, ಪೆಟ್ರೋಲ್ ಮುಳ್ಳು ರಿಸರ್ವ್ ಹತ್ತಿರ. ಮಧುಗಿರಿ ಇನ್ನೂ ದೂರ ಇರುವಾಗಲೇ ಪಿಕಪ್ ಹೋಯಿತು, ಎರಡು ಜರ್ಕ್ ಹೊಡೆದು ಬಂದ್ ಆಯಿತು. ಕೀ ಆನ್ ಮಾಡಿ ಕಿವಿಗೊಟ್ಟೆ. ಹಿಂದಿನ ಸೀಟಿನ ಕೆಳಗಿಂದ ಬರಬೇಕಾದ ಗುಂಯ್ ಶಬ್ದ ಇಲ್ಲ. ತೋಟದ ಹಿರಿಯರೊಬ್ಬರು ಬಂದು, "ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಪ್ಪಾ, ನಮ್ಮ ಅಂಬಾಸಿಡರ್‌ಗೆ ಹಂಗೇ ಮಾಡ್ತಿದ್ವಿ" ಅಂದರು. ಅವರ ಕಾಲದ ಕಾರಿಗೆ ಅದು ಸರಿಯಾದ ಮದ್ದು, ಪಂಪು ಇಂಜಿನ್ ಪಕ್ಕದಲ್ಲೇ ಇರುತ್ತಿತ್ತು. ನಮ್ಮದು ಟ್ಯಾಂಕಿನ ಒಳಗೆ. ಅಮ್ಮನನ್ನು ಹುಣಸೆ ಮರದ ನೆರಳಿಗೆ ಕೂರಿಸಿ, ಅರ್ಧ ಗಂಟೆ ಬಿಟ್ಟು, ಟ್ಯಾಂಕಿನ ಅಡಿಗೆ ಅಂಗೈಯಿಂದ ನಾಲ್ಕು ಸಲ ಗುದ್ದಿದೆ. ಮೋಟರ್ ಗುಂಯ್ ಅಂದಿತು. ಎಸಿ ಹಾಕದೆ ನಿಧಾನವಾಗಿ ಮಧುಗಿರಿ ಸೇರಿ ಮೊದಲು ಟ್ಯಾಂಕ್ ತುಂಬಿಸಿದೆ. ಅಲ್ಲಿಂದ ತುಮಕೂರಿನವರೆಗೆ ಮತ್ತೆ ನಿಲ್ಲಲಿಲ್ಲ.

ಟ್ಯಾಂಕ್ ತುಂಬಿದ್ದಕ್ಕೆ ಅದು ಬಚಾವಾಗಿದ್ದು. ಈ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ, ಮೋಟರ್ ಮೂಲಕವೇ ಹರಿದು ಹೋಗುತ್ತದೆ. ಇಂಜಿನ್ ಬಳಸಿ ಮಿಕ್ಕಿದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ, ಬರುವಾಗ ಇಂಜಿನ್ ಕಾವನ್ನೂ ಹೊತ್ತು ತರುತ್ತದೆ. ಮೂವತ್ತು ಲೀಟರ್ ಇದ್ದರೆ ಆ ಕಾವು ಕರಗಿ ಹೋಗುತ್ತದೆ. ನಾಲ್ಕೈದು ಲೀಟರ್ ಇದ್ದರೆ ಅದೇ ಪೆಟ್ರೋಲ್ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ರಿಸರ್ವ್‌ನಲ್ಲಿ ಓಡಿಸುವ ನನ್ನ ಅಭ್ಯಾಸವೂ ಪಂಪನ್ನು ಸುಟ್ಟಿತು, ಅದನ್ನು ಒಪ್ಪಿಕೊಳ್ಳಲೇಬೇಕು.

ನಮ್ಮ ಮೆಕ್ಯಾನಿಕ್ ಅಣ್ಣ ಪೆಟ್ರೋಲ್ ಒತ್ತಡ ಅಳೆಯುವ ಗೇಜ್ ಹಾಕಿ ತೋರಿಸಿದರು. ತಣ್ಣಗಿದ್ದಾಗ ಕೀ ಆನ್ ಮಾಡಿದರೆ 2.8 ಬಾರ್. ಇಪ್ಪತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ನೋಡಿದರೆ 1.5. ಬಂದ್ ಮಾಡಿದ ಒಂದೇ ನಿಮಿಷಕ್ಕೆ ಮುಳ್ಳು ಸೊನ್ನೆಗೆ ಬಿತ್ತು. ಹೊಸ ಪಂಪು ಹಾಕಿಬಿಡಿ ಅಂದೆ. "ತಡೀರಿ ಸಾರ್, ಕರೆಂಟ್ ಎಷ್ಟು ಹೋಗ್ತಿದೆ ನೋಡೋಣ" ಅಂದರು. ಆ ಮಾತಿಗೆ ಅವರಿಗೆ ಇವತ್ತಿಗೂ ಋಣಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಕನೆಕ್ಟರ್‌ನಲ್ಲಿ 11.6 ಮಾತ್ರ. ಅರ್ಥ್ ವೈರಿನ ಬೋಲ್ಟ್ ತುಕ್ಕು ಹಿಡಿದಿತ್ತು. ಉಜ್ಜಿ ಹೊಸ ವೈರ್ ಹಾಕಿದ ಮೇಲೆ 13.4 ಬಂತು. ಫಿಲ್ಟರ್ ಬಿಚ್ಚಿ ಹಿಂದು ಮುಂದಾಗಿ ಬಗ್ಗಿಸಿದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು. ಕಟ್ಟಿಕೊಂಡ ಫಿಲ್ಟರ್ ಇದ್ದರೆ ಎಂಥ ಪಂಪೂ ಏದುಸಿರು ಬಿಟ್ಟು ಬಿಸಿಯಾಗುತ್ತದೆ. ಫಿಲ್ಟರ್, ಟ್ಯಾಂಕಿನೊಳಗಿನ ಜರಡಿ ಎರಡೂ ಹೊಸದು ಹಾಕಿಸಿದೆ.

ಇನ್ನು ಒರಿಜಿನಲ್ ಪಂಪಿನ ವಿಷಯ. ಮೂರೂವರೆ ವರ್ಷದಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಪಾವಗಡಕ್ಕೆ ಪ್ರತಿ ಬೇಸಿಗೆ ಹೋಗಿದ್ದೇನೆ. ದೇವರಾಯನದುರ್ಗದ ಏರಿನಲ್ಲಿ ಎರಡನೇ ಗೇರಿನಲ್ಲಿ ಎಸಿ ಹಾಕಿಕೊಂಡೇ ಹತ್ತಿದ್ದೇನೆ. ತಟ್ಟೆ ಇಡ್ಲಿ ತಿಂದು ಬಂದ ಮೇಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಶಬ್ದ ಎಷ್ಟು ಕಡಿಮೆ ಅಂದರೆ ಕಿಟಕಿ ಮುಚ್ಚಿದರೆ ಕೇಳಿಸುವುದೇ ಇಲ್ಲ. ಕಾಲು ಟ್ಯಾಂಕಿಗಿಂತ ಕಡಿಮೆ ಆಗಲು ನಾನೂ ಈಗ ಬಿಡುವುದಿಲ್ಲ.

ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಕಾಲದ ಕಾರುಗಳ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಹಾಗಾಗಿ ಪಂಪಿನ ಜೊತೆಗೆ ಪೈಪನ್ನೂ ಬದಲಾಯಿಸಿ. ಮೇಲೆ 30ಆರ್9 ಅಂತ ಅಚ್ಚಾಗಿರುವ ಇಂಜೆಕ್ಷನ್ ಹೋಸ್ ಕೇಳಿ ತನ್ನಿ. ಕಾರ್ಬುರೇಟರ್ ಕಾರಿನ ಸಾಧಾರಣ ಪೈಪು ಈ ಒತ್ತಡಕ್ಕೆ ತಡೆಯುವುದಿಲ್ಲ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ, ಅಲ್ವಾ?

ಕೊರತೆ ಒಂದೇ, ಸಿಗುವುದು ಕಷ್ಟ. ಬಿ.ಎಚ್. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆ, ಎಲ್ಲೂ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೇಳಿಟ್ಟು ಹನ್ನೆರಡು ದಿನ ಕಾದೆ. ಕಳೆದ ತಿಂಗಳು ಮತ್ತೆ ಗೇಜ್ ಹಾಕಿಸಿದಾಗ ಬಿಸಿಯಲ್ಲೂ ಒತ್ತಡ ಇಳಿದಿರಲಿಲ್ಲ. ಆದರೂ ಇನ್ನೊಂದು ಬಂದರೆ ತೆಗೆದಿಡಿ ಅಂತ ಅದೇ ಅಂಗಡಿಯವರಿಗೆ ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ.