ಥೀಸಿಸ್‌ಗೆ ಲೆವೆಲ್ ಹಿಡಿಯಲು ಯಾವುದು ಮೇಲು: ಡೆಮ್, ಡ್ರೋನ್, ಆಟೋ ಲೆವೆಲ್, ನೀರಿನ ಪೈಪು?

ಎಂ.ಆರ್ಕ್ ಲ್ಯಾಂಡ್‌ಸ್ಕೇಪ್‌ಗೆ (ಭೂದೃಶ್ಯ ವಿನ್ಯಾಸದ ಸ್ನಾತಕೋತ್ತರ ಕೋರ್ಸಿಗೆ) ಸೇರಿದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಎದುರಾಗುವ ಕೆಲಸ ಜಾಗದ ಲೆವೆಲ್ ಹಿಡಿಯುವುದು, ಅಂದರೆ ನೆಲ ಎಲ್ಲಿ ಎಷ್ಟು ಎತ್ತರ, ಎಷ್ಟು ತಗ್ಗು ಅಂತ ಅಳೆಯುವುದು. ಕಟ್ಟಡ ಮಾಡುವವರಿಗೆ ಸೈಟು ಸುಮಾರಾಗಿ ಮಟ್ಟಸ ಇದ್ದರೆ ಸಾಕು, ಉಳಿದದ್ದನ್ನು ಪ್ಲಿಂತ್ (ಕಟ್ಟಡ ಕೂರುವ ಪೀಠ) ನೋಡಿಕೊಳ್ಳುತ್ತದೆ. ನಮಗೆ ಹಾಗಲ್ಲ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆಯೇ ದಾರಿ, ಹುಲ್ಲು, ಮರ, ಮೆಟ್ಟಿಲು ಎಲ್ಲ ಕೂರಬೇಕು. ಹೇಗೆ ಅಳೆಯೋದು ಅಂತ ಸ್ಟುಡಿಯೋದಲ್ಲಿ ಕೇಳಿದರೆ ಒಬ್ಬರು ಡ್ರೋನ್ ಹಾರಿಸು ಅನ್ನುತ್ತಾರೆ. ಇನ್ನೊಬ್ಬರು ಕ್ಯೂಜಿಐಎಸ್ (ನಕ್ಷೆ ಮಾಡುವ ಪುಕ್ಕಟೆ ಸಾಫ್ಟ್‌ವೇರ್) ಇರುವಾಗ ಸೈಟಿಗೆ ಹೋಗೋದೇ ಬೇಡ ಅನ್ನುತ್ತಾರೆ. ನನ್ನ ಥೀಸಿಸ್ ಜಾಗದಲ್ಲಿ ಇವೆಲ್ಲವನ್ನೂ ಒಂದೇ ನೆಲದ ಮೇಲೆ ಬಳಸಿ ನೋಡಿದ್ದೇನೆ. ಅದರ ಲೆಕ್ಕ ಇಲ್ಲಿದೆ.

ಜಾಗ ಕೋಲಾರದ ಕಡೆಯ ಒಂದು ಹಳೇ ಕೆರೆ. ಏರಿ, ತೂಬು, ಕೋಡಿ ಎಲ್ಲ ಇದೆ. ಅಂಗಳದ ಅರ್ಧಕ್ಕೆ ಬಳ್ಳಾರಿ ಜಾಲಿ ಹಬ್ಬಿದೆ, ಮೇಲಿನ ದಿಬ್ಬದಲ್ಲಿ ನೀಲಗಿರಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಒಣಗಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ಹಾಗಾಗಿ ಕೆರೆಯ ಅಂಚನ್ನು ಏನು ಮಾಡೋದು ಅನ್ನುವುದು ಈಗ ಬರೀ ಕಾಗದದ ಪ್ರಶ್ನೆಯಲ್ಲ. ನನ್ನ ಡಿಸೈನ್ ಇದ್ದದ್ದು ಅಂಚಿನ ಉದ್ದಕ್ಕೂ ಒಂದು ನಡೆದಾಡುವ ದಾರಿ, ಹೊಲದ ನೀರು ಕೆರೆಗೆ ಇಳಿಯುವ ಕಡೆ ಹುಲ್ಲಿನ ಕಾಲುವೆ, ಮತ್ತು ದನ ನೀರಿಗೆ ಇಳಿಯುವ ಒಂದು ಇಳಿಜಾರು.

ಹೋಲಿಕೆಗೆ ಮೊದಲು ಅಳತೆಗೋಲು ಏನು ಅಂತ ಹೇಳಿಬಿಡುತ್ತೇನೆ. 2 ಮೀಟರ್ ಅಗಲದ ದಾರಿಗೆ ಅಡ್ಡಕ್ಕೆ 1:50 ಇಳಿಜಾರು ಕೊಟ್ಟರೆ ಈ ಅಂಚಿನಿಂದ ಆ ಅಂಚಿಗೆ ಬರುವ ವ್ಯತ್ಯಾಸ 4 ಸೆಂಟಿಮೀಟರ್. ಉದ್ದಕ್ಕೆ 1:100 ಅಂದರೆ 30 ಮೀಟರ್ ನಡೆದಾಗ 30 ಸೆಂಟಿಮೀಟರ್ ಇಳಿಯುತ್ತೇವೆ. ವೀಲ್‌ಚೇರ್ ರ‍್ಯಾಂಪ್ 1:12ಕ್ಕಿಂತ ಕಡಿದಾಗಬಾರದು. ನಮ್ಮ ಕೆಲಸ ನಡೆಯುವುದು ಸೆಂಟಿಮೀಟರ್‌ಗಳಲ್ಲಿ. ಯಾವ ಸಲಕರಣೆ ಸೆಂಟಿಮೀಟರ್ ತೋರಿಸುತ್ತದೆ, ಯಾವುದು ಮೀಟರ್ ಮಾತ್ರ ತೋರಿಸುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಬೆಲೆ, ಹೊಳಪು, ಜ್ಯೂರಿಯಲ್ಲಿ ಸಿಗುವ ವಾವ್ ಎಲ್ಲ ಆಮೇಲೆ.

ಪುಕ್ಕಟೆ ಡೆಮ್ ಮತ್ತು ಕ್ಯೂಜಿಐಎಸ್

ಡೆಮ್ ಅಂದರೆ ನೆಲದ ಎತ್ತರವನ್ನು ಚೌಕ ಚೌಕವಾಗಿ ಕೊಡುವ ಫೈಲು. ಹೆಚ್ಚಿನವರು ಇಳಿಸಿಕೊಳ್ಳುವುದು ಎಸ್‌ಆರ್‌ಟಿಎಂ. 2000ದ ಫೆಬ್ರವರಿಯಲ್ಲಿ ಎಂಡೆವರ್ ಸ್ಪೇಸ್ ಶಟಲ್ ರೇಡಾರ್‌ನಿಂದ ಅಳೆದದ್ದು. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೋಸ್ಯಾಟ್-1ರ ಡೆಮ್ ಸಿಗುತ್ತದೆ, ಯುರೋಪಿನ ಕೋಪರ್ನಿಕಸ್‌ನದೂ ಇದೆ. ಮೂರರಲ್ಲೂ ಒಂದು ಚೌಕ ಅಂದರೆ ಹೆಚ್ಚುಕಡಿಮೆ 30 ಮೀಟರ್.

ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ನನ್ನ ದಾರಿ 30 ಮೀಟರ್‌ಗೆ 30 ಸೆಂಟಿಮೀಟರ್ ಇಳಿಯುತ್ತದೆ. ಎಸ್‌ಆರ್‌ಟಿಎಂ ಎತ್ತರವನ್ನು ಪೂರ್ತಿ ಮೀಟರ್‌ಗಳಲ್ಲಿ ಮಾತ್ರ ಇಟ್ಟಿರುತ್ತದೆ. ಅಂದರೆ ಒಂದು ಚೌಕ 846, ಪಕ್ಕದ್ದೂ 846, ಅದರಾಚೆಯದು 848. ಇದರಿಂದ ಅರ್ಧ ಮೀಟರ್‌ಗೊಂದು ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎಳೆಸಿ ಶೀಟಿನಲ್ಲಿ ಹಾಕುವವರಿದ್ದಾರೆ. ಸಾಫ್ಟ್‌ವೇರ್ ಎಳೆದು ಕೊಡುತ್ತದೆ, ಅದಕ್ಕೇನು. ಆ ಗೆರೆಗಳಿಗೂ ನೆಲಕ್ಕೂ ಸಂಬಂಧ ಇಲ್ಲ ಅಷ್ಟೆ.

ಇನ್ನೊಂದು ತೊಂದರೆ ನೀಲಗಿರಿಯದ್ದು. ರೇಡಾರ್‌ಗೆ ಕಾಣುವುದು ಮರದ ತಲೆ, ಬುಡವಲ್ಲ. ದಿಬ್ಬದ ಮೇಲಿನ ತೋಪು ಡೆಮ್‌ನಲ್ಲಿ ಇನ್ನಷ್ಟು ಎತ್ತರದ ಗುಡ್ಡವಾಗಿ ಕೂತಿತ್ತು. ತಮಾಷೆ ಅಂದರೆ ಅದರ ಪಕ್ಕದಲ್ಲಿ ಈಗ ಬರೀ ಬಯಲಾಗಿರುವ ಜಾಗದಲ್ಲೂ ಎಸ್‌ಆರ್‌ಟಿಎಂ ಒಂದು ಗುಬುಟು ತೋರಿಸುತ್ತಿತ್ತು. ಅಲ್ಲೂ ಮೊದಲು ನೀಲಗಿರಿ ಇತ್ತು, ಕಡಿದರು ಅಂತ ಊರವರು ಹೇಳಿದರು. 2000ದಲ್ಲಿ ನಿಂತಿದ್ದ ಮರ ಫೈಲಿನಲ್ಲಿ ಇನ್ನೂ ನಿಂತಿದೆ.

ಕೆರೆಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಯೂಟ್ಯೂಬ್ ಪಾಠಗಳಲ್ಲಿ ಮೊದಲ ಹೆಜ್ಜೆಯೇ ಫಿಲ್ ಸಿಂಕ್ಸ್, ಅಂದರೆ ತಗ್ಗುಗಳನ್ನೆಲ್ಲ ತುಂಬಿಸಿ ನೀರಿಗೆ ದಾರಿ ಮಾಡುವುದು. ನಮ್ಮ ಕಡೆ ಆ ತಗ್ಗೇ ಕೆರೆ! ಅದನ್ನು ತುಂಬಿಸಿದರೆ ಅಂಗಳ ಚಪ್ಪಟೆಯಾಗುತ್ತದೆ, ಹಳ್ಳಗಳು ಅದರ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ ಓಡುತ್ತವೆ. ಏರಿ ಕೆಲವೇ ಮೀಟರ್ ಅಗಲ ಇರುವುದರಿಂದ 30 ಮೀಟರ್ ಚೌಕದಲ್ಲಿ ಕರಗಿಹೋಗುತ್ತದೆ. ನೀರು ಕೋಡಿಯಲ್ಲಿ ಹೊರಹೋಗುವ ಬದಲು ಏರಿಯ ನಡುಮಧ್ಯೆ ತೂರಿಕೊಂಡು ಹೋದಂತೆ ನಕ್ಷೆ ಬರುತ್ತದೆ. ಗ್ರಾಸ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್‌ನ ಆರ್.ವಾಟರ್‌ಶೆಡ್ ಬಳಸಿದರೆ ತಗ್ಗು ತುಂಬಿಸುವ ಗೊಡವೆ ಇಲ್ಲ, ಫಲಿತಾಂಶವೂ ವಾಸಿ. ಕೋಡಿಯನ್ನು ಮಾತ್ರ ಕೈಯಾರೆ ತಿದ್ದಲೇಬೇಕು.

ಹಾಗಂತ ಡೆಮ್ ಬಿಸಾಡುವಂಥದ್ದಲ್ಲ. ಕೆರೆಗೆ ಎಷ್ಟು ದೂರದ ನೀರು ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಜಲಾನಯನದ ವಿಸ್ತೀರ್ಣ ಗೊತ್ತಾದರೆ ಉಳಿದದ್ದು ಸುಲಭ. 1 ಹೆಕ್ಟೇರ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಲೀಟರ್. ಅದರಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಅಂತ ಗುಣಿಸಿಕೊಂಡರಾಯಿತು. ಇಲ್ಲಿ ಮೀಟರ್ ಲೆಕ್ಕವೇ ಸಾಕು. ಜೊತೆಗೆ ದಿಶಾಂಕ್ ಆ್ಯಪ್ ಇಟ್ಟುಕೊಳ್ಳಿ. ಸರ್ವೆ ನಂಬರ್, ಹಳ್ಳ, ಕೆರೆಯ ಗಡಿ ಸಿಗುತ್ತವೆ. ಡೆಮ್ ತೋರಿಸಿದ ಹಳ್ಳ ಗ್ರಾಮ ನಕಾಶೆಯಲ್ಲೂ ಇದೆಯಾ ಅಂತ ನೋಡಬಹುದು. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್‌ನಲ್ಲಿ ಕಾಂಟೂರ್ ಅಂತರ 20 ಮೀಟರ್. ನನ್ನ ಇಡೀ ಸೈಟು ಎರಡು ಗೆರೆಗಳ ನಡುವೆ ಬಿದ್ದುಹೋಯಿತು.

ಡ್ರೋನ್

ಕ್ಲಾಸಿನಲ್ಲಿ ಎಲ್ಲರಿಗೂ ಇದರ ಮೇಲೇ ಕಣ್ಣು. ಮೊದಲು ಕಾನೂನು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಾರಿಸುವ ಜಾಗ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿದೆಯಾ ಅಂತ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಬೇಕು. ಬೆಂಗಳೂರಿನ ಒಳಗೆ ಸೈಟು ತೆಗೆದುಕೊಂಡ ಗೆಳೆಯರಿಗೆ ಎಚ್‌ಎಎಲ್, ಯಲಹಂಕ, ಜಕ್ಕೂರು ಮೂರೂ ವಿಮಾನ ನಿಲ್ದಾಣಗಳು ಅಡ್ಡ ಬಂದವು. ನನಗೆ ಆ ಕಾಟ ಇರಲಿಲ್ಲ.

ಫೋಟೋಗಳು ಒಂದರ ಮೇಲೊಂದು ಮುಕ್ಕಾಲು ಭಾಗ ಕವಿಯುವಂತೆ ತೆಗೆದು, ಫೋಟೋಗಳನ್ನು ಜೋಡಿಸಿ ನೆಲದ ಮಾದರಿ ಮಾಡುವ ವೆಬ್‌ಒಡಿಎಂಗೆ ಹಾಕಿದೆ. ಪುಕ್ಕಟೆ ಸಾಫ್ಟ್‌ವೇರ್, ಆದರೆ ಲ್ಯಾಪ್‌ಟಾಪ್ ರಾತ್ರಿಯಿಡೀ ಫ್ಯಾನ್ ಹೊಡೆದುಕೊಂಡಿತು. ಬಂದ ಚಿತ್ರ ಮಾತ್ರ ಅದ್ಭುತ. ಕೆಲವೇ ಸೆಂಟಿಮೀಟರ್‌ಗೆ ಒಂದು ಚುಕ್ಕೆ. ದನಗಳು ಇಳಿದು ಇಳಿದು ಸವೆಸಿದ ಜಾಡು, ಕಟ್ಟಡದ ಮಣ್ಣು ಸುರಿದ ಗುಡ್ಡೆಗಳು, ಒಂದೊಂದು ಹೊಂಗೆಯ ನೆತ್ತಿ, ಎಲ್ಲ ಎಣಿಸಬಹುದು. ಬರೀ ಈ ಒಂದು ಚಿತ್ರಕ್ಕಾದರೂ ಡ್ರೋನ್ ಹಾರಿಸಬೇಕು.

ಎತ್ತರದ ವಿಷಯ ಬೇರೆ. ಡ್ರೋನ್ ಫೋಟೋದಿಂದ ಎತ್ತರ ಹುಟ್ಟುವುದು ಒಂದೇ ಗುರುತು ಹಲವು ಫೋಟೋಗಳಲ್ಲಿ ಕಂಡಾಗ. ನೀರಿನ ಮೇಲೆ ನಿಂತ ಗುರುತೇ ಇಲ್ಲ, ಬರೀ ಆಕಾಶದ ಹೊಳಪು. ಕೆರೆಯ ನೀರು ಮಾದರಿಯಲ್ಲಿ ಅಲ್ಲಲ್ಲಿ ತೂತು ಬಿದ್ದು, ಅಲ್ಲಲ್ಲಿ ಗುಡ್ಡ ಎದ್ದಿತ್ತು. ಜಾಲಿ ಪೊದೆಯ ಒಳಗಿನ ನೆಲ ಕಾಣುವುದೇ ಇಲ್ಲ. ಪೊದೆಗಳನ್ನು ಸೋಸಿ ನೆಲ ಮಾತ್ರ ಉಳಿಸುವ ಫಿಲ್ಟರ್ ಹಾಕಿದರೆ, ದಟ್ಟ ಜಾಲಿಯ ಕೆಳಗೆ ಸಾಫ್ಟ್‌ವೇರ್ ಈ ಬದಿಯಿಂದ ಆ ಬದಿಗೆ ಸುಮ್ನೆ ಒಂದು ಹಾಳೆ ಎಳೆದುಬಿಡುತ್ತದೆ. ನನಗೆ ಬೇಕಿದ್ದ ನೀರಿನಂಚು ಇದ್ದದ್ದೇ ಜಾಲಿಯ ಕೆಳಗೆ, ನೀರಿನ ಪಕ್ಕ! ಲೇಸರ್‌ನಿಂದ ಅಳೆಯುವ ಲೈಡಾರ್ ಡ್ರೋನ್ ಇದ್ದರೆ ಎಲೆಗಳ ಸಂದಿಯಿಂದಲೂ ನೆಲ ಸಿಗುತ್ತದೆ, ಆದರೆ ಅದು ವಿದ್ಯಾರ್ಥಿಯ ಜೇಬಿಗೆ ಸೇರಿದ್ದಲ್ಲ.

ನೆಲದ ಮೇಲೆ ಸುಣ್ಣದ ಗುರುತು ಹಾಕಿ, ಅವುಗಳ ಲೆವೆಲ್ ಬೇರೆಯಾಗಿ ಅಳೆದು ಸಾಫ್ಟ್‌ವೇರ್‌ಗೆ ಕೊಡದಿದ್ದರೆ ಇಡೀ ಮಾದರಿ ಬಟ್ಟಲಿನಂತೆ ಬಾಗುವುದೂ ಉಂಟು. ಆ ಗುರುತುಗಳ ಲೆವೆಲ್ ಅಳೆಯೋಕೆ ಏನು ಬೇಕು? ಆಟೋ ಲೆವೆಲ್ ಅಥವಾ ಅಂಥದ್ದೇ ಇನ್ನೊಂದು. ಮತ್ತೆ ಅಲ್ಲಿಗೇ ಬಂದೆವು, ಅಲ್ವಾ.

ಟೋಟಲ್ ಸ್ಟೇಷನ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋನ, ದೂರ ಎರಡನ್ನೂ ಅಳೆಯುವ ಎಲೆಕ್ಟ್ರಾನಿಕ್ ಸಲಕರಣೆ, ಬಹಳ ನಿಖರ. ಬಾಡಿಗೆಗೆ ಕರೆಸಿದ ತಂಡ ಒಪ್ಪವಾದ ಕ್ಯಾಡ್ ಫೈಲ್ ಕೊಟ್ಟಿತು. ಬಯಲಿನಲ್ಲಿ ರಾಶಿ ರಾಶಿ ಪಾಯಿಂಟು. ಹೊಲದ ನೀರು ಕೆರೆಗೆ ಬೀಳುವ ಮೋರಿಯ ತಳದ ಲೆವೆಲ್ ಮಾತ್ರ ಒಂದೂ ಇಲ್ಲ. ರಸ್ತೆಯ ಮೇಲೆ ಕೋಲು ಹಿಡಿದು ಮುಂದೆ ಹೋಗಿದ್ದರು. ನೀರಿನ ಡಿಸೈನ್ ಮಾಡುವವರಿಗೆ ಆ ಒಂದು ತಳ ಉಳಿದ ನೂರು ಪಾಯಿಂಟಿಗಿಂತ ಮುಖ್ಯ. ಸರ್ವೆ ಮಾಡಿಸುವುದಾದರೆ ಏನೇನು ಅಳೆಯಬೇಕು ಅಂತ ಪಟ್ಟಿ ಕೊಟ್ಟು ಜೊತೆಗೇ ನಿಲ್ಲಿ.

ಆಟೋ ಲೆವೆಲ್

ನನ್ನ ಮತ ಇದಕ್ಕೆ. ಕಾಲೇಜಿನ ಸರ್ವೆ ಲ್ಯಾಬಿನಲ್ಲಿ ಇರುತ್ತದೆ, ಇಲ್ಲದಿದ್ದರೆ ದಿನದ ಬಾಡಿಗೆಗೆ ಸಿಗುತ್ತದೆ. ಮುಕ್ಕಾಲಿ, ಯಾವಾಗಲೂ ಮಟ್ಟಸವಾಗಿಯೇ ನೋಡುವ ದುರ್ಬೀನು, ಅಂಕಿ ಬರೆದ ಸ್ಟಾಫ್ ಕೋಲು, ಅಷ್ಟೇ ಸಾಮಾನು.

ಕೋಡಿಯ ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಿ ಅದನ್ನು 100.000 ಅಂತ ಇಟ್ಟುಕೊಂಡೆ. ಅದರ ಮೇಲೆ ಕೋಲು ನಿಲ್ಲಿಸಿ ನೋಡಿದರೆ 1.425. ಅಂದರೆ ದುರ್ಬೀನಿನ ಎತ್ತರ 101.425. ಈಗ ಕೋಲನ್ನು ನೀರಿನಂಚಿಗೆ ಒಯ್ದರೆ 2.310. ಕಳೆದರೆ 99.115. ಕೋಡಿಯ ಕಲ್ಲಿಗಿಂತ ನೀರು 88.5 ಸೆಂಟಿಮೀಟರ್ ಕೆಳಗಿದೆ. ಕೆರೆ ತುಂಬಿ ಕೋಡಿ ಬಿದ್ದ ದಿನ ನನ್ನ ದಾರಿ ಮುಳುಗುತ್ತದಾ ಇಲ್ಲವಾ ಅನ್ನುವುದಕ್ಕೆ ಎರಡು ಸಾಲಿನ ಲೆಕ್ಕ ಸಾಕಾಯಿತು. ಕೋಡಿಯನ್ನೇ ಬೆಂಚ್ ಮಾರ್ಕ್ (ಉಳಿದೆಲ್ಲ ಅಳತೆಗೂ ಆಧಾರವಾದ ಗುರುತು) ಮಾಡಿಕೊಳ್ಳುವುದರ ಸುಖ ಇದು. ಸಮುದ್ರ ಮಟ್ಟದಿಂದ ಎಷ್ಟು ಅನ್ನುವುದು ಕೆರೆಗೆ ಬೇಕಿಲ್ಲ. 100ಕ್ಕಿಂತ ಕೆಳಗಿದ್ದದ್ದೆಲ್ಲ ಒಂದಲ್ಲ ಒಂದು ವರ್ಷ ನೆನೆಯುತ್ತದೆ.

ತೊಂದರೆ ಇಲ್ಲವೆಂದಲ್ಲ. ಇಬ್ಬರು ಬೇಕು. ಮಧ್ಯಾಹ್ನದ ಬಿಸಿಲಿಗೆ ಕೋಲಿನ ಅಂಕಿ ಕುಣಿಯುತ್ತದೆ, ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ದಿನದ ಕೊನೆಗೆ ತಿರುಗಿ ಕೋಡಿಗೆ ಬಂದು 100.000 ಬರುತ್ತದಾ ನೋಡಬೇಕು. ಕೆಲವು ಮಿಲಿಮೀಟರ್ ವ್ಯತ್ಯಾಸ ಸರಿ, ಹತ್ತು ಸೆಂಟಿಮೀಟರ್ ಬಂದರೆ ಎಲ್ಲೋ ಅಂಕಿ ತಪ್ಪಿ ಓದಿದ್ದೇವೆ ಅಂತಲೇ ಅರ್ಥ. ಜಾಲಿಯ ಒಳಗೆ ದುರ್ಬೀನಿಗೂ ಏನೂ ಕಾಣುವುದಿಲ್ಲ.

ನೀರಿನ ಪೈಪು

ಜಾಲಿಗೆ ಮದ್ದು ಸಿಕ್ಕಿದ್ದು ಪಕ್ಕದ ಹೊಲದಲ್ಲಿ ಶೆಡ್ ಕಟ್ಟುತ್ತಿದ್ದ ಮೇಸ್ತ್ರಿಯಿಂದ. ದುರ್ಬೀನು ಹೊತ್ತು ಪೊದೆ ಸುತ್ತುತ್ತಿದ್ದ ನಮ್ಮನ್ನು ನೋಡಿ, "ಪೈಪ್ ಹಾಕ್ಕೊಳ್ಳಿ ಮೇಡಂ, ಅದುಕ್ಯಾಕೆ ಇಷ್ಟು ಕಷ್ಟ" ಅಂದರು. ನೀರು ತುಂಬಿದ ಪಾರದರ್ಶಕ ಪೈಪು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪು ಪೊದೆಯೊಳಗೆ ಹೇಗೆ ಬೇಕಾದರೂ ಸುತ್ತಿಕೊಂಡು ಹೋಗಲಿ, ನೋಟ ಬೇಕಿಲ್ಲ. ಈ ತುದಿಯಲ್ಲಿ ಕೋಲಿನ ಮೇಲೆ ನೀರಿನ ಮಟ್ಟ ಓದಿ, ಆ ತುದಿಯಲ್ಲಿ ಓದಿ, ಕಳೆದರೆ ಮುಗಿಯಿತು.

ಆದರೆ ಗಾಳಿಗುಳ್ಳೆ ಇದ್ದರೆ ಪೈಪು ಸುಳ್ಳು ಹೇಳುತ್ತದೆ. ತುಂಬಿಸುವಾಗ ಒಂದು ತುದಿ ಬಕೆಟ್‌ನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಎಳೆದು, ಗುಳ್ಳೆ ಪೂರ್ತಿ ಹೋಗುವವರೆಗೂ ಬೆರಳಿನಿಂದ ತಟ್ಟುತ್ತಾ ಬರಬೇಕು. ಎರಡೂ ತುದಿ ಪಕ್ಕಪಕ್ಕ ಹಿಡಿದು ನೀರು ಸಮ ಇದೆಯಾ ನೋಡಿ ಹೊರಡಬೇಕು. ಅರ್ಧ ಪೈಪು ಬಿಸಿಲಲ್ಲಿ, ಅರ್ಧ ನೆರಳಲ್ಲಿ ಬಿದ್ದಿದ್ದರೂ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ. ಕೆಲಸ ನಿಧಾನ, ಪೈಪಿನ ಉದ್ದ ಮುಗಿದಲ್ಲಿ ಹೊಸದಾಗಿ ಶುರು ಮಾಡಬೇಕು, ಏರಿಯಂಥ ಎತ್ತರಕ್ಕೆ ಇದು ಆಗಿಬರುವುದಿಲ್ಲ. ಆದರೆ ನನ್ನ ಥೀಸಿಸ್‌ನ ಅತಿ ಮುಖ್ಯ ಸೆಕ್ಷನ್ ಬಂದದ್ದು ಇದರಿಂದಲೇ. ಜಾಲಿಯೊಳಗೆ ಒಂದು ಹಳೇ ಕಾಲುವೆಯ ತಗ್ಗು ಹೂತುಹೋಗಿತ್ತು. ಡ್ರೋನಿಗೂ ಡೆಮ್‌ಗೂ ಅದರ ಸುಳಿವೇ ಇರಲಿಲ್ಲ. ಹುಲ್ಲಿನ ಕಾಲುವೆಯನ್ನು ಹೊಸದಾಗಿ ತೋಡುವ ಬದಲು ಅದರಲ್ಲೇ ಕೂರಿಸಿದೆ.

ಅಂಕಿ ತಂದ ಮೇಲೆ ಕಾಂಟೂರ್ ಎಳೆಯುವುದರಲ್ಲೂ ಎರಡು ದಾರಿ. ಸಾಫ್ಟ್‌ವೇರ್ ಪಾಯಿಂಟುಗಳನ್ನು ತ್ರಿಕೋನಗಳಾಗಿ ಜೋಡಿಸುತ್ತದೆ. ಏರಿಯ ನೆತ್ತಿ ಮತ್ತು ಬುಡಕ್ಕೆ ಬ್ರೇಕ್‌ಲೈನ್ (ಇಳಿಜಾರು ಥಟ್ಟನೆ ಬದಲಾಗುವ ಕಡೆಯ ಗೆರೆ) ಕೊಡದಿದ್ದರೆ ಏರಿ ಗರಗಸದ ಹಲ್ಲಾಗುತ್ತದೆ. ಟ್ರೇಸಿಂಗ್ ಹಾಳೆಯಲ್ಲಿ ಕೈಯಿಂದ ಎಳೆದರೆ ನಿಧಾನ, ಆದರೆ ಪ್ರತಿ ಗೆರೆಗೂ ಇಲ್ಲಿ ನೀರು ಎತ್ತ ಹೋಗುತ್ತದೆ ಅಂತ ಯೋಚಿಸಲೇಬೇಕಾಗುತ್ತದೆ. ಮೊದಲ ಸಲ ಕೈಯಿಂದಲೇ ಎಳೆಯಿರಿ, ಸಲ್ಲಿಸುವ ಶೀಟಿಗೆ ಸಾಫ್ಟ್‌ವೇರ್ ಬಳಸಿ.

ಸಲಕರಣೆಗಳ ಪಟ್ಟಿಗೆ ಸೇರದ ಇನ್ನೊಂದು ಮೂಲ ಇದೆ. ಊರಿನ ನೀರಗಂಟಿ ತಾತ. ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತಿತ್ತು ಅಂತ ಕೇಳಿದರೆ ಒಂದು ಬಂಡೆ ತೋರಿಸಿದರು. ಅದರ ಮೇಲೆ ಕೋಲು ಇಟ್ಟು ನೋಡಿದೆ, ಕೋಡಿಗಿಂತ ಒಂದು ಗೇಣು ಮೇಲೆ ಬಂತು. ಜೋರು ಮಳೆಗೆ ಕೋಡಿಯ ಮೇಲೆ ಅಷ್ಟು ನೀರು ಹರಿಯುವುದು ನಂಬುವಂಥದ್ದೇ. ದಾರಿಯ ಲೆವೆಲ್ ಅನ್ನು ಆ ಬಂಡೆಗಿಂತ ಮೇಲೆ ಇಟ್ಟೆ.

ಈಗ ಸೇರುತ್ತಿರುವವರಿಗೆ, ತೋಟಗಾರಿಕೆ ಎಂ.ಎಸ್ಸಿಯಲ್ಲಿ ಲ್ಯಾಂಡ್‌ಸ್ಕೇಪ್ ಓದುತ್ತಿರುವವರಿಗೂ, ನಾನು ಹೇಳುವ ಸರದಿ ಇದು: ಮನೆಯಲ್ಲಿ ಕೂತು ಡೆಮ್‌ನಿಂದ ಜಲಾನಯನ, ದಿಶಾಂಕ್‌ನಿಂದ ಗಡಿ ಮತ್ತು ಹಳ್ಳ, ಆಮೇಲೆ ಸೈಟಿನಲ್ಲಿ ಆಟೋ ಲೆವೆಲ್, ಪೊದೆಯೊಳಗೆ ಪೈಪು. ದುಡ್ಡು ಉಳಿದರೆ ಡ್ರೋನ್, ಅದೂ ಚಿತ್ರಕ್ಕಾಗಿ. ಬೇಸಿಗೆಯ ಕೊನೆಯಲ್ಲಿ ಹೋದರೆ ನೀರು ಇಳಿದು ಅಂಗಳ ಹೆಚ್ಚು ಸಿಗುತ್ತದೆ. ಬೆಂಚ್ ಮಾರ್ಕ್ ಗುರುತನ್ನು ಮರದ ಬೇರಿಗಾಗಲಿ, ಗೂಟಕ್ಕಾಗಲಿ ಹಾಕಬೇಡಿ. ಕಲ್ಲಿಗೇ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆಯಲು ಹೋದಾಗ ಬೇಕಾಗುತ್ತದೆ.