ಬೋರ್ಡ್ ಇಲ್ಲದ ಹೂವಿನ ಅಂಗಡಿ: ಗುಲಾಬಿಗೆ ಹೌದು, ಜರ್ಬೇರಾಗೆ ಬೇಡ

ಕಲಬುರಗಿಯಲ್ಲಿ ಡಚ್ ಗುಲಾಬಿ, ಕಾರ್ನೇಶನ್ ಬಂಚ್ ಲೆಕ್ಕದಲ್ಲಿ ಬೇಕು ಅಂದರೆ ನಾನು ಹೋಗುವುದು ಸೂಪರ್ ಮಾರ್ಕೆಟ್ ಕಡೆಯ ಒಂದು ಸಣ್ಣ ಅಂಗಡಿಗೆ. ಅದಕ್ಕೆ ಬೋರ್ಡ್ ಇಲ್ಲ. ನಮ್ಮ ಲೈನಿನವರೆಲ್ಲ 'ಎಸಿ ಹೂವಿನ ಅಂಗಡಿ' ಅಂತಾರೆ. ನಾನು ಲಗ್ನ, ಕುಬಸ, ವಲೀಮಾಗಳಿಗೆ ಸ್ಟೇಜ್ ಡೆಕೋರೇಶನ್ ಮಾಡುವವಳು. ಹಾಗಾಗಿ ಇದು ಮನೆಗೆ ಒಂದು ಬೊಕೆ ಒಯ್ದವರ ಅಭಿಪ್ರಾಯ ಅಲ್ಲ, ಈ ಅಂಗಡಿಗೆ ಒಳ್ಳೇ ದುಡ್ಡು ಸುರಿದವಳ ಅಭಿಪ್ರಾಯ.

ಮೊದಲೇ ಹೇಳಿಬಿಡುತ್ತೇನೆ. ಚೆಂಡು ಹೂ, ಸೇವಂತಿ, ಮಲ್ಲಿಗೆ ಬೇಕಾದರೆ ಇಲ್ಲಿಗೆ ಹೋಗಬೇಡಿ. ಶರಣಬಸವೇಶ್ವರ ಗುಡಿಗೆ ಮಾಲೆ, ಬಂದೇನವಾಜ್ ದರ್ಗಾಕ್ಕೆ ಹೂವಿನ ಚಾದರ್, ಇವಕ್ಕೆಲ್ಲ ಲೂಸ್ ಹೂವಿನವರೇ ಸರಿ. ಲೂಸ್ ಹೂವು ಬೆಳಿಗ್ಗೆ ಕಟ್ಟಿ ಸಂಜೆಗೆ ಬಾಡಿದರೂ ಯಾರೂ ಕೇಳುವುದಿಲ್ಲ. ಕಡ್ಡಿ ಸಮೇತ ಬರುವ ಹೂವಿನ ಕಥೆ ಬೇರೆ. ರಾತ್ರಿ ಹತ್ತಕ್ಕೆ ನಾನು ಫೋಮ್‌ಗೆ ಚುಚ್ಚಿದ್ದು ಮರುದಿನ ಮಧ್ಯಾಹ್ನ ಅಕ್ಕಿಕಾಳು ಬೀಳುವವರೆಗೂ ತಲೆ ಎತ್ತಿ ನಿಂತಿರಬೇಕು. ಅದೂ ಏಪ್ರಿಲ್, ಮೇ ತಿಂಗಳ ಲಗ್ನ, ಹೊರಗೆ 42-43 ಡಿಗ್ರಿ ಬಿಸಿಲು.

ಈ ಅಂಗಡಿಯ ಬೆಲೆ ಇರುವುದೇ ಇಲ್ಲಿ. ಹಿಂದಿನ ಕೋಣೆಯನ್ನು ಕೋಲ್ಡ್ ರೂಂ ಮಾಡಿದ್ದಾರೆ. ಬಾಗಿಲ ಮೇಲಿನ ಮೀಟರ್ ಯಾವಾಗ ನೋಡಿದರೂ ನಾಲ್ಕು-ಐದು ಡಿಗ್ರಿ ತೋರಿಸುತ್ತೆ. ಕರೆಂಟ್ ಹೋದರೆ ಜನರೇಟರ್ ಹಚ್ಚುತ್ತಾರೆ. ಕತ್ತರಿಸಿದ ಹೂವಿಗೆ ಗಿಡದಿಂದ ಇನ್ನೇನೂ ಬರುವುದಿಲ್ಲ, ಕಡ್ಡಿ-ಎಲೆಯಲ್ಲಿ ಉಳಿದ ಸಕ್ಕರೆಯೇ ಅದರ ಬುತ್ತಿ. ಸೆಕೆ ಹೆಚ್ಚಾದಷ್ಟೂ ಅದರ ಉಸಿರಾಟ ಜೋರಾಗಿ ಆ ಬುತ್ತಿ ಬೇಗ ಖಾಲಿ ಆಗುತ್ತೆ. ಎಕ್ಸ್‌ಪೋರ್ಟ್ ಮಾಡುವ ತೋಟದವರು ಬೆಳಗಿನ ತಂಪಿನಲ್ಲಿ ಕೊಯ್ದು, ತಕ್ಷಣ ಬಕೆಟ್ ನೀರಿಗೆ ಇಟ್ಟು, 2ರಿಂದ 4 ಡಿಗ್ರಿಯ ಕೋಣೆಗೆ ತಳ್ಳುವುದು ಇದಕ್ಕೇ. ಕೀನ್ಯಾದ ನೈವಾಶಾ ಕೆರೆ ದಂಡೆಯ ಗುಲಾಬಿ ವಿಮಾನ ಹತ್ತಿ ನೆದರ್‌ಲ್ಯಾಂಡ್ಸ್‌ಗೆ ಹೋದರೂ ತಾಜಾ ಇರುತ್ತೆ. ಬೆಂಗಳೂರಿನ ಗುಲಾಬಿ ನಮ್ಮೂರಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಯಾಕೆ? ಬಸ್ಸಿನ ಲಗೇಜ್ ಡಿಕ್ಕಿ! ತೋಟದಿಂದ ಮಾರ್ಕೆಟ್‌ವರೆಗೆ ತಂಪು, ಆಮೇಲೆ ಇಡೀ ರಾತ್ರಿ ಇಂಜಿನ್ ಪಕ್ಕ. ಇವರು ಬಾಕ್ಸ್ ಇಳಿದ ಕೂಡಲೇ ಒಡೆದು, ಕಡ್ಡಿಯ ತುದಿ ಓರೆಯಾಗಿ ಕತ್ತರಿಸಿ ನೀರಿಗೆ ಹಾಕುತ್ತಾರೆ. ಊರಲ್ಲಿ ಬೇರೆಯವರು ಬಾಕ್ಸನ್ನೇ ಕೌಂಟರ್ ಪಕ್ಕ ಮಧ್ಯಾಹ್ನದವರೆಗೆ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾಲಕರು ವಯಸ್ಸಾದವರು, ಎಲ್ಲರೂ ಚಾಚಾ ಅಂತಾರೆ. ಅವರ ದೊಡ್ಡ ಗುಣ ಅಂದರೆ ಮಾಲ್ ಯಾವತ್ತಿನದು ಅಂತ ಕೇಳಿದರೆ ಸುಳ್ಳು ಹೇಳುವುದಿಲ್ಲ. ಹೋದ ಬೇಸಿಗೆಯಲ್ಲಿ ಬಿಳಿ ಅವಲಾಂಚ್ ಗುಲಾಬಿ ಕೇಳಿದೆ.

"ಇವತ್ತ ಬ್ಯಾಡವ್ವಾ. ಇದು ಮೊನ್ನಿ ಮಾಲ್. ನಾಳಿ ಮುಂಜಾನಿ ಬಾ."

"ನಾಳಿ ಮುಂಜಾನಿಗೆ ಹಾಲ್‌ನ್ಯಾಗ ಇರಬೇಕ್ರಿ ಚಾಚಾ."

"ಹಂಗಾದ್ರ ಹಳದಿ ಒಯ್ಯಿ. ಗೋಲ್ಡ್ ಸ್ಟ್ರೈಕ್ ನಿನ್ನಿದು ಅದ."

ಬಂಚ್ ಬಿಚ್ಚಿ ತೋರಿಸಿದರು. ಇಪ್ಪತ್ತು ಕಡ್ಡಿ, ತಲೆಗೆ ಸುತ್ತಿದ ಕೊರುಗೇಟೆಡ್ ರಟ್ಟು. ಮೊಗ್ಗಿನ ಹೊಟ್ಟೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿದರೆ ಗಟ್ಟಿ ಇರಬೇಕು. ಮೆತ್ತಗೆ ಒಳಗೆ ಹೋದರೆ ಹೊರಗಿನ ಪಕಳೆ ಕಿತ್ತು ಹಳೇ ಮಾಲನ್ನು ಹೊಸದು ಮಾಡಿದ್ದಾರೆ ಅಂತ ಅರ್ಥ. ಆಮೇಲೆ ಕಡ್ಡಿಯ ತುದಿ ನೋಡಬೇಕು. ಹಸಿರಾಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಲೋಳೆ ಆಗಿದ್ದರೆ ಬೇಡ. ಕೆಂಪು ಗುಲಾಬಿಯಾದರೆ ಪಕಳೆಯ ಅಂಚನ್ನೂ ನೋಡಿ. ಹಳೆಯದಾದ ಹಾಗೆ ಕೆಂಪು ಹೋಗಿ ನೀಲಿ ಛಾಯೆ ಬರುತ್ತೆ. ಬೇರೆ ಅಂಗಡಿಯಲ್ಲಿ ಇಷ್ಟೆಲ್ಲ ಮಾಡಿದರೆ ಬೈತಾರೆ. ಇಲ್ಲಿ ಚಾಚಾನೇ ಬೆಳಕಿಗೆ ಹಿಡಿದು ತೋರಿಸುತ್ತಾರೆ.

ಇನ್ನೊಂದು ಮಾತು. ನಾನು ಯಾವಾಗಲೂ 60 ಸೆಂಟಿಮೀಟರ್ ಕಡ್ಡಿಯ ಗುಲಾಬಿಯನ್ನೇ ಕೇಳುತ್ತಿದ್ದೆ. "ಪ್ಯಾನೆಲ್‌ಗೆ ಚುಚ್ಚಾಕಿ, ಆರಿಂಚಿಗೆ ಕತ್ತರಿಸಾಕಿ, ಉದ್ದಂದು ಯಾಕ? 40ರದು ಒಯ್ಯಿ" ಅಂತ ಅವರೇ ಕಡಿಮೆ ದುಡ್ಡಿನದು ಕಟ್ಟಿಸಿದರು. ಈ ವ್ಯಾಪಾರದಲ್ಲಿ ದರ ನಿಲ್ಲುವುದೇ ಕಡ್ಡಿಯ ಉದ್ದದ ಮೇಲೆ. ಉದ್ದ, ನೆಟ್ಟಗಿನ ಕಡ್ಡಿ, ಕಲೆ ಇಲ್ಲದ ಎಲೆ, ಬಿಗಿ ಮೊಗ್ಗು ಇದ್ದರೆ ಅದು ಹೊರದೇಶದ ಬಾಕ್ಸಿಗೆ. ಗಿಡ್ಡದ್ದು, ಸ್ವಲ್ಪ ಸೊಟ್ಟಗಿನದ್ದು ನಮ್ಮಂಥವರಿಗೆ. ಸ್ಟೇಜ್‌ಗೆ ಅದೇ ಸಾಕು ಬಿಡಿ, ಫೋಟೋದಲ್ಲಿ ಕಡ್ಡಿ ಕಾಣಲ್ಲ.

ಮಾಲ್ ಬರುವುದು ಎರಡು ಕಡೆಯಿಂದ. ಒಂದು ಪುಣೆ ಹತ್ತಿರದ ತಳೇಗಾಂವ್, ಮಾವಳ ಭಾಗದ ಪಾಲಿಹೌಸ್‌ಗಳಿಂದ. ಇನ್ನೊಂದು ಬೆಂಗಳೂರು-ಹೊಸೂರು ಕಡೆಯಿಂದ. ಬೆಂಗಳೂರಿನ ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರ ಇದೆ ಅಲ್ವಾ, ಅಲ್ಲಿ ಇವರ ಪರವಾಗಿ ಒಬ್ಬರು ಹಿಡಿಯುತ್ತಾರೆ. ಅಲ್ಲಿಯ ಹರಾಜು ಮಾಮೂಲಿ ಹರಾಜಿಗೆ ಪೂರಾ ಉಲ್ಟಾ. ದರ ಮೇಲಿಂದ ಶುರುವಾಗಿ ಗಡಿಯಾರದ ಮೇಲೆ ಇಳಿಯುತ್ತಾ ಬರುತ್ತೆ, ಮೊದಲು ಬಟನ್ ಒತ್ತಿದವರಿಗೆ ಮಾಲ್. ನೆದರ್‌ಲ್ಯಾಂಡ್ಸ್‌ನಿಂದ ಬಂದ ಪದ್ಧತಿ. ಆಸೆಪಟ್ಟು ಕಾಯುತ್ತಾ ಕೂತರೆ ಪಕ್ಕದವನು ಒತ್ತಿಬಿಟ್ಟಿರುತ್ತಾನೆ. ಹೀಗಾಗಿ ಹಿಂದಿನ ದಿನವೇ ಚಾಚಾ ಪಕ್ಕಾ ದರ ಹೇಳಲು ಆಗುವುದಿಲ್ಲ. ಹೊಸಬರು ಇದಕ್ಕೇ ಜಗಳ ಆಡುತ್ತಾರೆ, ಸುಮ್ನೆ.

ದರದ ಮಾತು ಬಂತಲ್ಲ, ಫೆಬ್ರವರಿ ಬಗ್ಗೆ ಹೇಳಲೇಬೇಕು. ಸಾಮಾನ್ಯ ದಿನ ಇನ್ನೂರು-ಇನ್ನೂರೈವತ್ತರ ಕೆಂಪು ಬಂಚ್ ಆ ಹದಿನೈದು ದಿನ ಐನೂರು ದಾಟುತ್ತೆ. ಇದರಲ್ಲಿ ಪೂರ್ತಿ ತಪ್ಪು ಅಂಗಡಿಯದ್ದಲ್ಲ. ವ್ಯಾಲೆಂಟೈನ್ಸ್ ಡೇಗೆ ಅಂತಲೇ ತೋಟದವರು ಡಿಸೆಂಬರ್ ಮಧ್ಯದಲ್ಲಿ ಚಾಟ್ನಿ, ಅಂದರೆ ಗಿಡದ ಕೊಂಬೆ ಕತ್ತರಿಸುವ ಕೆಲಸ, ಮಾಡಿರುತ್ತಾರೆ, ಚಳಿಯಲ್ಲಿ ಹೂವು ಬರಲು ಹೆಚ್ಚುಕಡಿಮೆ ಒಂದೂವರೆ ತಿಂಗಳು ಬೇಕು. ಜನವರಿ ಕೊನೆಯ ವಾರದಿಂದ ತಾಜ್ ಮಹಲ್ ಅನ್ನುವ ಕೆಂಪು ತಳಿಯ ಒಳ್ಳೇ ಗುಲಾಬಿ ಬಹಳಷ್ಟು ಹೊರದೇಶದ ದಾರಿ ಹಿಡಿಯುತ್ತೆ. (ಆಸ್ಟ್ರೇಲಿಯಾಗೆ ಹೋಗುವುದಾದರೆ ಕಡ್ಡಿಯನ್ನು ಕಳೆನಾಶಕದಲ್ಲಿ ಅದ್ದಬೇಕಂತೆ ಕಾನೂನು, ಅಲ್ಲಿ ಯಾರೂ ನೆಟ್ಟು ಗಿಡ ಮಾಡಬಾರದು ಅಂತ. ನಮ್ಮ ಹಿತ್ತಲಿಗೆ ಆ ಭಯ ಇಲ್ಲ.) ಇಷ್ಟೆಲ್ಲ ಒಪ್ಪುತ್ತೇನೆ. ಒಪ್ಪದೇ ಇರುವುದು ಏನಂದರೆ, ಈ ಸಮಯದಲ್ಲಿ ಚಾಚಾ ಇಲ್ಲದಾಗ ಅಂಗಡಿ ಹುಡುಗರು ದಿನಗಟ್ಟಲೆ ಕೋಲ್ಡ್ ರೂಂನಲ್ಲಿ ಕೂಡಿಟ್ಟಿದ್ದನ್ನು ತಾಜಾ ಅಂತ ಕಟ್ಟುತ್ತಾರೆ. ನನಗೂ ಹಾಗೆ ಬಂದಿತ್ತು. ಬೀಗರು ಬರುವ ಹೊತ್ತಿಗೆ ಆರ್ಚ್‌ನ ಅರ್ಧ ಗುಲಾಬಿಗಳ ಕುತ್ತಿಗೆ ಬಾಗಿತ್ತು. ಫೋನ್ ಮಾಡಿದರೆ "ನೀರ ಬದಲ ಮಾಡ್ರಿ ಅಕ್ಕಾರ" ಅಂತ ಉತ್ತರ! ಚಾಚಾ ಮರುದಿನ ಅರ್ಧ ದುಡ್ಡು ವಾಪಸ್ ಕೊಟ್ಟರು, ಅದು ಬೇರೆ ಮಾತು. ಬೀಗರ ಮುಂದೆ ಹೋದ ಮಾನ ವಾಪಸ್ ಬರಲಿಲ್ಲ.

ಜರ್ಬೇರಾ ಮಾತ್ರ ಇಲ್ಲಿ ತೆಗೆದುಕೊಳ್ಳಲೇಬೇಡಿ. ಅದರ ಕಡ್ಡಿ ಒಳಗೆ ಟೊಳ್ಳು, ಮೈಮೇಲೆ ಸಣ್ಣ ರೋಮ. ಆಳವಾದ ನೀರಿಗೆ ಇಟ್ಟರೆ ಕೊಳೆಯುತ್ತೆ, ನಾಲ್ಕು ಬೆರಳು ನೀರು ಸಾಕು. ಇವರು ಗುಲಾಬಿಯ ಬಕೆಟ್‌ನಲ್ಲೇ ಮುಳುಗಿಸುತ್ತಾರೆ. ಹೇಳಿ ಹೇಳಿ ಬಿಟ್ಟೆ. ಈಗ ಜರ್ಬೇರಾ ಬೇಕಾದಾಗ ಹೈದರಾಬಾದಿನ ಗುಡಿಮಲ್ಕಾಪುರ ಮಾರ್ಕೆಟ್‌ನಿಂದಲೇ ತರಿಸುತ್ತೇನೆ.

ಬೊಕೆ? ಅಷ್ಟಕ್ಕಷ್ಟೆ. ಹೂವಿಗಿಂತ ಪ್ಲಾಸ್ಟಿಕ್, ಮಿಂಚು ಜಾಸ್ತಿ. ಬೊಕೆಯ ನಡುವೆ ತುಂಬುವ ಸಣ್ಣ ಬಿಳಿ ಹೂವು ಜಿಪ್ಸಿಗೆ ನೀಲಿ ಬಣ್ಣ ಯಾಕೆ ಹೊಡೆಯುತ್ತಾರೋ ನನಗಂತೂ ಅರ್ಥ ಆಗಿಲ್ಲ, ಆದರೆ ಕೊಳ್ಳಲು ಬರುವ ಹುಡುಗರು ಅದನ್ನೇ ಕೇಳಿ ಒಯ್ಯುತ್ತಾರೆ.

ಕಾರ್ನೇಶನ್ ಚೆನ್ನಾಗಿರುತ್ತೆ, ಗುಲಾಬಿಗಿಂತ ಹೆಚ್ಚು ದಿನ ತಡೆಯುತ್ತೆ. ಆದರೆ ಅದನ್ನು ಬೀಗರಿಗೆ ಇಟ್ಟ ಹಣ್ಣಿನ ಬುಟ್ಟಿ ಪಕ್ಕ ಇಡಬೇಡಿ. ಮಾಗಿದ ಬಾಳೆಹಣ್ಣಿನಿಂದ ಬರುವ ಎಥಿಲೀನ್ ಗಾಳಿಗೆ ಕಾರ್ನೇಶನ್ ಪಕಳೆ ಒಳಗೆ ಮುದುಡಿಕೊಳ್ಳುತ್ತೆ. ಮನೆಗೆ ಒಯ್ದ ಮೇಲೆ ಬೋರ್ ನೀರು ಕೂಡ ಬೇಡ. ನಮ್ಮ ಕಡೆ ಬಹಳ ಬೋರ್‌ಗಳಲ್ಲಿ ಉಪ್ಪು, ಹೂವಿಗೆ ಆಗಿಬರುವುದಿಲ್ಲ. ಚಾಚಾ ಅಂಗಡಿಯಲ್ಲಿ ಫಿಲ್ಟರ್ ನೀರೇ ಬಳಸುತ್ತಾರೆ, ಕೇಳಿದರೆ ಒಂದು ಕ್ಯಾನ್ ಕೊಡುತ್ತಾರೆ, ಕ್ಯಾನಿಗೆ ಡಿಪಾಸಿಟ್ ಇಡಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಫೆಬ್ರವರಿಯಲ್ಲಿ ಎರಡೂವರೆ. ಬಾಕ್ಸ್ ಬರುವುದು ಬೆಳಿಗ್ಗೆ ಏಳರ ಸುಮಾರಿಗೆ, ಆಗಲೇ ಹೋಗಿ, ಚಾಚಾ ಇರುವುದೂ ಆಗಲೇ. ಫೋನ್‌ಪೇ ನಡೆಯುತ್ತೆ, ಉದ್ರಿ ಇಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಬಕೆಟ್ ನಿಮ್ಮದೇ ಒಯ್ಯಿರಿ, ಅವರ ಬಕೆಟ್ ಕೇಳಿದರೆ ಮುಖ ಗಂಟು ಹಾಕುತ್ತಾರೆ.