2 ಜಿಬಿ ಸರ್ವರಿನಲ್ಲಿ ಕ್ಲ್ಯಾಮ್‌ಎವಿ: ಒಂದು ವರ್ಷ ಬಳಸಿದ ಮೇಲೆ

ನಾನು ನೋಡಿಕೊಳ್ಳುವ ಸರ್ವರ್ ಚಿಕ್ಕದು. ಒಂದು ಮೇಲ್ ಸರ್ವರ್, ಜನ ಫೈಲ್ ಅಪ್‌ಲೋಡ್ ಮಾಡುವ ಒಂದು ವೆಬ್‌ಸೈಟ್, ಅದರ ಹಿಂದೆ ಡೇಟಾಬೇಸ್, ಇಷ್ಟೇ. ಲಿನಕ್ಸ್‌ಗೆ ಆಂಟಿವೈರಸ್ ಯಾಕೆ ಅಂತ ಕೇಳುವವರಿದ್ದಾರೆ. ಇವತ್ತು ನನ್ನ ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುವ ಅಟ್ಯಾಚ್‌ಮೆಂಟನ್ನು ನಾಳೆ ಯಾರೋ ತಮ್ಮ ವಿಂಡೋಸ್‌ನಲ್ಲಿ ತೆರೆಯುತ್ತಾರೆ. ನನ್ನ ಭಯ ಅದು.

ಕ್ಲ್ಯಾಮ್‌ಎವಿ ಉಚಿತ, ಮುಕ್ತ ಆಂಟಿವೈರಸ್ ತಂತ್ರಾಂಶ, ಈಗ ಸಿಸ್ಕೋದ ಟಾಲೋಸ್ ತಂಡ ನಡೆಸುತ್ತಿದೆ. ಇನ್‌ಸ್ಟಾಲ್ ಮಾಡಿ, ಅದರದೇ ಅಪ್‌ಡೇಟ್ ಕಮಾಂಡ್ ಫ್ರೆಶ್‌ಕ್ಲ್ಯಾಮ್‌ನಿಂದ ಸಿಗ್ನೇಚರ್ (ಗೊತ್ತಿರುವ ವೈರಸ್‌ಗಳ ಗುರುತು) ಇಳಿಸಿಕೊಂಡು, ಮೊದಲ ರಾತ್ರಿಯೇ ಇಡೀ ಹೋಮ್ ಡೈರೆಕ್ಟರಿಯ ಮೇಲೆ ಕ್ಲ್ಯಾಮ್‌ಸ್ಕ್ಯಾನ್ ಓಡಿಸಿದೆ. ಈ ಕಮಾಂಡ್ ಪ್ರತಿ ಸಲವೂ ಎಲ್ಲ ಸಿಗ್ನೇಚರ್‌ಗಳನ್ನು ಮೊದಲಿನಿಂದ ಮೆಮೊರಿಗೆ ತುಂಬಿಕೊಳ್ಳುತ್ತದೆ. ಅದಕ್ಕೇ 1 ಜಿಬಿಗಿಂತ ಹೆಚ್ಚು ಬೇಕು. ಕನಿಷ್ಠ 3 ಜಿಬಿ ಇರಲಿ ಎಂದು ಅವರ ಕೈಪಿಡಿಯಲ್ಲೇ ಇದೆ, ನಾನು ಓದಿರಲಿಲ್ಲ. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಸೈಟಿನ ಡೇಟಾಬೇಸನ್ನೇ ಕೊಂದುಹಾಕಿತು. ಸೈಟ್ ಇಪ್ಪತ್ತು ನಿಮಿಷ ಬಿದ್ದಿತ್ತು. ತಪ್ಪು ಪೂರ್ತಿ ನನ್ನದು.

ರ್‍ಯಾಮ್ 4 ಜಿಬಿಗೆ ಏರಿಸಿ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಕ್ಲ್ಯಾಮ್‌ಡಿ ಶುರು ಮಾಡಿದೆ. ಇದು ಸಿಗ್ನೇಚರ್‌ಗಳನ್ನು ಸದಾ ಮೆಮೊರಿಯಲ್ಲೇ ಇಟ್ಟುಕೊಂಡು ಕಾದಿರುತ್ತದೆ, ಕ್ಲ್ಯಾಮ್‌ಡಿಸ್ಕ್ಯಾನ್ ಎಂಬ ಕಮಾಂಡ್ ಹೋಗಿ ಕೇಳಿದರೆ ಚಿಕ್ಕ ಫೈಲಿಗೆ ತಕ್ಷಣ ಉತ್ತರ. ಅಪ್‌ಲೋಡ್ ತಪಾಸಣೆಗೆ ಇದೇ ಸರಿ. ಎರಡು ಕಡೆ ಮಾತ್ರ ಎಡವಿದೆ. ಕ್ಲ್ಯಾಮ್‌ಡಿ ತನ್ನದೇ ಬಳಕೆದಾರನಾಗಿ ಓಡುವುದರಿಂದ ಬೇರೆಯವರ ಫೋಲ್ಡರುಗಳಲ್ಲಿ ಪರ್ಮಿಷನ್ ಇಲ್ಲ ಎನ್ನುತ್ತಿತ್ತು. ಕ್ಲ್ಯಾಮ್‌ಡಿಸ್ಕ್ಯಾನ್‌ಗೆ ಎಫ್‌ಡಿಪಾಸ್ ಆಯ್ಕೆ ಕೊಟ್ಟರೆ ಅದು ಫೈಲನ್ನು ನನ್ನ ಅನುಮತಿಯಲ್ಲಿ ತೆರೆದು ಕ್ಲ್ಯಾಮ್‌ಡಿಯ ಕೈಗೆ ಕೊಡುತ್ತದೆ. ಇನ್ನೊಂದು, ಹೊಸ ಸಿಗ್ನೇಚರ್ ಬಂದಾಗ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಟ್ಟುಕೊಂಡು ಮೆಮೊರಿ ಸುಮಾರು ಎರಡರಷ್ಟಾಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ಕನ್‌ಕರೆಂಟ್‌ ಡೇಟಾಬೇಸ್‌ ರಿಲೋಡ್ ಎಂಬ ಸಾಲಿಗೆ 'ನೋ' ಎಂದು ಬರೆದೆ. ಆ ಹೊತ್ತು ಸ್ಕ್ಯಾನ್ ಸ್ವಲ್ಪ ಕಾಯುತ್ತದೆ, ಕಾಯಲಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು 'ಓಕೆ' ಎಂಬ ಉತ್ತರದ ಬಗ್ಗೆ. ಈಗಿನ ಆವೃತ್ತಿಗಳಲ್ಲಿ ಒಂದು ಫೈಲಿನ ಮಿತಿ 100 ಎಂಬಿ, ಹಿಂದೆ 25 ಇತ್ತು. ಅದನ್ನು ಮೀರಿದ ಫೈಲನ್ನು ಅದು ತೆರೆದು ನೋಡುವುದೇ ಇಲ್ಲ, ಆದರೂ ಅದರ ಮುಂದೆ ಓಕೆ ಎಂದೇ ಬರೆಯುತ್ತದೆ. ಆಂಟಿವೈರಸ್ ಹಿಡಿಯುತ್ತದೋ ಎಂಬ ಪರೀಕ್ಷೆಗೆಂದೇ ಇರುವ 68 ಬೈಟಿನ ಐಕಾರ್ ಫೈಲನ್ನು 300 ಎಂಬಿ ಕಸದ ಜೊತೆ ಜಿಪ್ ಮಾಡಿ ಕೊಟ್ಟೆ. ಓಕೆ ಬಂತು! ಕಾನ್ಫಿಗ್‌ನಲ್ಲಿ ಅಲರ್ಟ್ ಎಕ್ಸೀಡ್ಸ್ ಮ್ಯಾಕ್ಸ್ ಎಂಬ ಆಯ್ಕೆ ಆನ್ ಮಾಡಿದ ಮೇಲೆ ಮಿತಿ ಮೀರಿದೆ ಎಂದು ಕೂಗಲು ಶುರುಮಾಡಿತು. ನನ್ನ ಪ್ರಕಾರ ಅದು ಮೊದಲಿನಿಂದಲೇ ಆನ್ ಇರಬೇಕಿತ್ತು.

ಕಮಾಂಡ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ ಎಂಬ ಅಂಕಿಯೂ ಹಾಗೆಯೇ. 0 ಅಂದರೆ ಏನೂ ಸಿಗಲಿಲ್ಲ, 1 ಅಂದರೆ ಸಿಕ್ಕಿತು, 2 ಅಂದರೆ ಸ್ಕ್ಯಾನಿನಲ್ಲೇ ದೋಷ. ರಾತ್ರಿ ತಾನೇ ಓಡುವ ನನ್ನ ಕ್ರಾನ್ ಸ್ಕ್ರಿಪ್ಟ್ 1 ಬಂದಾಗ ಮಾತ್ರ ಮೇಲ್ ಕಳಿಸುತ್ತಿತ್ತು. ಒಂದು ಅಪ್‌ಗ್ರೇಡ್ ಆದ ಮೇಲೆ ಕ್ಲ್ಯಾಮ್‌ಡಿ ಎದ್ದೇ ಇರಲಿಲ್ಲ. ಒಂಬತ್ತು ರಾತ್ರಿ 2 ಬರುತ್ತಿದ್ದರೂ ನಾನು ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಈಗ 0 ಬಂದರೂ ಮೇಲ್ ಬರುತ್ತದೆ. ಬೆಳಿಗ್ಗೆ ಮೇಲ್ ಕಾಣದಿದ್ದರೆ ಲಾಗಿನ್ ಆಗಿ ನೋಡುತ್ತೇನೆ.

ವೈರಸ್ ಸಿಕ್ಕ ಫೈಲನ್ನು ಅಳಿಸುವ ರಿಮೂವ್ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ. ಮೇಲ್ ಉಳಿಸುವ ಎಂಬಾಕ್ಸ್ ಮಾದರಿಯಲ್ಲಿ ಒಬ್ಬರ ಇಡೀ ಇನ್‌ಬಾಕ್ಸ್ ಒಂದೇ ಫೈಲು. ಅದರಲ್ಲಿ ಒಂದು ಕೆಟ್ಟ ಮೇಲ್ ಸಿಕ್ಕರೆ ವರ್ಷಗಳ ಪತ್ರವೆಲ್ಲ ಹೋಗುತ್ತದೆ. ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸುವ ಮೂವ್ ಕೊಟ್ಟರೆ ಕೊನೆಗೆ ವಾಪಸಾದರೂ ತರಬಹುದು.

ಕ್ಲ್ಯಾಮ್‌ಎವಿ ಹೆಚ್ಚಾಗಿ ಸಿಗ್ನೇಚರ್ ನೋಡಿಯೇ ಹಿಡಿಯುವುದು, ನಿನ್ನೆ ಯಾರೋ ಬರೆದ ಪಿಎಚ್‌ಪಿ ಶೆಲ್ (ಸರ್ವರನ್ನು ಹೊರಗಿನಿಂದ ಆಳುವ ಸ್ಕ್ರಿಪ್ಟ್) ಇದಕ್ಕೆ ಗೊತ್ತಾಗುತ್ತದೆ ಎಂದು ನಂಬಿ ಕೂರಬೇಡಿ. ಮೇಲ್ ಮತ್ತು ಅಪ್‌ಲೋಡ್ ತಪಾಸಣೆಗೆ ಧೈರ್ಯವಾಗಿ ಹಾಕಿಕೊಳ್ಳಿ. ರ್‍ಯಾಮ್ ಏರಿಸಲು ಆಗದಿದ್ದರೆ ಸರ್ವರ್‌ನಲ್ಲಿ ಓಡಿಸಲೇಬೇಡಿ. ರಾತ್ರಿಯ ಬ್ಯಾಕಪ್ ಬೇರೆ ಯಂತ್ರಕ್ಕೆ ಹೋಗುತ್ತದಲ್ಲ, ಸ್ಕ್ಯಾನ್ ಅಲ್ಲೇ ಆಗಲಿ.